ಕಠಿಣ ಶಬ್ದವೆಂಬುದು ಯಾರದೋ ಮನೆಮಾತು: ನಳದುರ್ಗದ ಟೇಲರ್ ಸಾಹೇಬರ ಬದುಕು



ನಿವೃತ್ತನಾದ ಮೇಲೆ ವರ್ಷದಲ್ಲಿ ಕೆಲವು ತಿಂಗಳು ಸೊಲ್ಲಾಪುರದ ಮಗಳ ಮನೆಯಲ್ಲಿ ಇರುತ್ತೇನೆ. ನಾನು ಹೆಡ್‌ಮಾಸ್ತರನಾಗಿದ್ದವನು ಎಂದು ತಿಳಿದ ಮೇಲೆ ಓಣಿಯವರೂ ಅಕ್ಕಲಕೋಟದ ಬೀಗರೂ ನನ್ನನ್ನು ಕೇಳುವ ಪ್ರಶ್ನೆ ಒಂದೇ. ಮಗುವನ್ನು ಕನ್ನಡ ಶಾಲೆಯಲ್ಲೇ ಇಟ್ಟರೆ ಮುಂದೆ ಇಂಗ್ಲಿಷಿನಲ್ಲಿ ಹಿಂದೆ ಬೀಳುತ್ತದೆಯೇ? ಹೋದ ವರ್ಷ ಒಬ್ಬ ತಾಯಿ ಮಗನ ಇಂಗ್ಲಿಷ್ ಪುಸ್ತಕವನ್ನೇ ಹಿಡಿದುಕೊಂಡು ಬಂದರು. ಹುಡುಗ ಕಠಿಣ ಶಬ್ದಗಳಿಗೆಲ್ಲ ಪೆನ್ಸಿಲಿನಿಂದ ಗೆರೆ ಎಳೆದಿದ್ದ. ಪುಟದ ತುಂಬ ಗೆರೆಗಳೇ ಇದ್ದವು. ಜೂನಿನಲ್ಲಿ ಶಾಲೆ ಬದಲಿಸುವುದೆಂದು ಅವರು ಆಗಲೇ ಮನಸ್ಸು ಮಾಡಿಬಿಟ್ಟಿದ್ದರು.

ಆ ತಾಯಿಯ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆ ಭಯವನ್ನು ನಾನೂ ಅನುಭವಿಸಿದ್ದೇನೆ. ನಾನು ಹೊಸೂರಿನ ಕಡೆಯವನು. ಐದನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಆಮೇಲೆ ತಮಿಳು ಮಾಧ್ಯಮಕ್ಕೆ ಹೋದೆ. ಆಗ ನನಗೆ ತಮಿಳೂ ನೆಟ್ಟಗೆ ಬರುತ್ತಿರಲಿಲ್ಲ, ಇಂಗ್ಲಿಷೂ ಬರುತ್ತಿರಲಿಲ್ಲ. ಬಾಯಿ ಬಿಟ್ಟರೆ ಪಕ್ಕದ ಹುಡುಗರು ನಗುತ್ತಿದ್ದರು. ಒಂದು ದಿನ ಇಂಗ್ಲಿಷ್ ಪಾಠದಲ್ಲಿ ‘ಕ್ಯಾಟಮರಾನ್’ ಎಂಬ ಶಬ್ದ ಬಂತು. ತರಗತಿಯಲ್ಲಿ ಯಾರಿಗೂ ಅರ್ಥ ಗೊತ್ತಿರಲಿಲ್ಲ. ಗುರುಗಳು ಅದನ್ನು ಹಲಗೆಯ ಮೇಲೆ ತಮಿಳಿನಲ್ಲಿ ಒಡೆದು ಬರೆದರು: ಕಟ್ಟು, ಮರಂ. ಮರದ ದಿಮ್ಮಿಗಳನ್ನು ಒಟ್ಟಿಗೆ ಕಟ್ಟಿ ಕಡಲಿಗೆ ಇಳಿಸುವ ತೆಪ್ಪ. ಕೊನೆಯ ಬೆಂಚಿನಲ್ಲಿ ಕುಳಿತಿದ್ದ ನನಗೆ ಬೇರೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಕಟ್ಟು ಎಂದರೆ ನಮಗೂ ಕಟ್ಟು, ಮರ ಎಂದರೆ ನಮಗೂ ಮರ. ನಾನು ಹೆದರುತ್ತಿದ್ದ ಇಂಗ್ಲಿಷ್ ಶಬ್ದದೊಳಗೆ ನಮ್ಮ ಮನೆಯ ಎರಡು ಶಬ್ದಗಳು ಕುಳಿತಿದ್ದವು. ಅಂದಿನಿಂದ ಇಂಗ್ಲಿಷ್ ಸುಲಭವಾಯಿತು ಎಂದು ಹೇಳಲಾರೆ. ಆದರೆ ಭಯ ಅರ್ಧ ಇಳಿಯಿತು.

ಇವತ್ತು ನಿಮ್ಮ ಮುಂದೆ ಇಡಲಿರುವುದು ಮಾತ್ರ ನನ್ನ ಕಥೆಯಲ್ಲ. ನೀವೆಲ್ಲ ಕಂಡಿರುವ ಒಂದು ಊರಿನಲ್ಲಿ ಬಾಳಿ, ನಮ್ಮ ನೆಲದ ಒಂದು ಶಬ್ದವನ್ನು ಜಗತ್ತಿನ ಬಾಯಿಗೆ ಹಾಕಿದ ಒಬ್ಬರ ಕಥೆ.

ಸೊಲ್ಲಾಪುರದಿಂದ ಹೈದರಾಬಾದಿನ ಹೆದ್ದಾರಿ ಹಿಡಿದು ಸುಮಾರು 45 ಕಿಲೋಮೀಟರ್ ಹೋದರೆ ನಳದುರ್ಗ ಬರುತ್ತದೆ. ಬೋರಿ ನದಿಗೆ ಅಡ್ಡಲಾಗಿ ಆದಿಲ್‌ಶಾಹಿ ಕಾಲದಲ್ಲಿ ಕಟ್ಟಿದ ಒಡ್ಡು, ಅದರ ಹೊಟ್ಟೆಯೊಳಗಿನ ಪಾಣಿ ಮಹಲು, ಮಳೆಗಾಲದಲ್ಲಿ ಅದರ ಮೇಲಿಂದ ಧುಮುಕುವ ನೀರು, ಇವನ್ನು ನೋಡಲು ಮಕ್ಕಳನ್ನು ನೀವು ಕರೆದೊಯ್ದಿರಬಹುದು. ಅಕ್ಕಲಕೋಟದವರಿಗೆ ಆ ನದಿ ಇನ್ನೂ ಹತ್ತಿರದ್ದು. ಅದೇ ಬೋರಿಯ ನೀರು ಮುಂದೆ ನಿಮ್ಮ ಕುರನೂರು ಅಣೆಕಟ್ಟಿಗೆ ಬಂದು ಸೇರುತ್ತದೆ. ಆ ಕೋಟೆಯ ಊರಿನಲ್ಲಿ 1853ರಿಂದ 1857ರವರೆಗೆ ಡೆಪ್ಯುಟಿ ಕಮಿಷನರ್ ಆಗಿದ್ದವರು ಫಿಲಿಪ್ ಮೆಡೋಸ್ ಟೇಲರ್. ಸುರಪುರದ ಕಡೆಯವರು ಅವರನ್ನು ಮಹಾದೇವ ಬಾಬಾ ಎಂದು ಕರೆದರು.

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. ತಂದೆ ವ್ಯಾಪಾರಿ. ವ್ಯಾಪಾರ ಕೈಕೊಟ್ಟಿತು, ಮಗನ ಶಾಲೆ ಅರ್ಧಕ್ಕೆ ನಿಂತಿತು. ಹುಡುಗ ಒಂದು ವ್ಯಾಪಾರಿ ಕಚೇರಿಯಲ್ಲಿ ಗುಮಾಸ್ತನಾದ. ಮುಂಬಯಿಯ ವ್ಯಾಪಾರಿಯೊಬ್ಬನ ಹತ್ತಿರ ಕೆಲಸ ಸಿಗುತ್ತದೆ, ಮುಂದೆ ಪಾಲುದಾರನೂ ಆಗಬಹುದು ಎಂಬ ಆಸೆಯ ಮೇಲೆ 15 ವರ್ಷದ ಹುಡುಗನನ್ನು ಮನೆಯವರು ಹಡಗು ಹತ್ತಿಸಿದರು. 1824ರಲ್ಲಿ ಮುಂಬಯಿಗೆ ಇಳಿದಾಗ ತಿಳಿಯಿತು, ಆ ವ್ಯಾಪಾರಿಯೇ ಸಾಲದಲ್ಲಿ ಮುಳುಗಿದ್ದಾನೆ. ಹಿಂದಿರುಗಲು ಹಣವಿಲ್ಲ, ಇಲ್ಲಿ ಉಳಿಯಲು ಕೆಲಸವಿಲ್ಲ. ಮುಂಬಯಿ ಸರಕಾರದಲ್ಲಿದ್ದ ಬಂಧುವೊಬ್ಬರು ಕೈಹಿಡಿದು ಹೈದರಾಬಾದ್ ನಿಜಾಮರ ಸೈನ್ಯದಲ್ಲಿ ಒಂದು ಸಣ್ಣ ಅಧಿಕಾರ ಕೊಡಿಸಿದರು. ಕಂಪನಿ ಸರಕಾರದ ದೊಡ್ಡ ನೌಕರಿಗಳ ಬಾಗಿಲು ಇಂಥವರಿಗೆ ತೆರೆಯುತ್ತಿರಲಿಲ್ಲ. ಟೇಲರ್ ಕೊನೆಯವರೆಗೂ ಕಂಪನಿಯ ಸೇವೆಗೆ ಸೇರಿದವರಾಗಲಿಲ್ಲ.

ಗಮನಿಸಿ, ಇವರಿಗೆ ಕಾಲೇಜಿಲ್ಲ, ಪದವಿಯಿಲ್ಲ, ಶಾಲೆಯೇ ಪೂರ್ತಿಯಾಗಿಲ್ಲ. ಇದ್ದದ್ದು ಕಿವಿ ಮತ್ತು ಹಟ. ಔರಂಗಾಬಾದಿನ ದಂಡಿನಲ್ಲಿದ್ದಾಗಲೇ ಹಿಂದುಸ್ತಾನಿ, ಪಾರ್ಸಿಗಳನ್ನು ಕಲಿಯಲು ಕುಳಿತರು. ಆಮೇಲೆ ಈ ದಕ್ಷಿಣದ ನಾಡಿನ ಮಾತುಗಳನ್ನು ಜನರೊಂದಿಗೆ ಬೆರೆತೇ ಕಲಿತರು. ದಂಡಿನ ಕೆಲಸದಿಂದ ಮುಲಕಿ ಕೆಲಸಕ್ಕೆ ಬಂದದ್ದು ಇದರಿಂದಲೇ. ಬೊಲಾರಮ್ಮಿನ ದಂಡಿನ ಬಜಾರಿನ ಮೇಲ್ವಿಚಾರಣೆ, ಆಮೇಲೆ ನಿಜಾಮರ ರಾಜ್ಯದ ನೈಋತ್ಯ ಭಾಗದಲ್ಲಿ ಪೊಲೀಸ್ ಕೆಲಸ. ಇನ್ನೂ 20 ತುಂಬದ ತರುಣ, ಕುದುರೆಯ ಮೇಲೆ ಹಳ್ಳಿಯಿಂದ ಹಳ್ಳಿಗೆ ಹೋಗಿ, ಗೌಡರು ಕುಲಕರ್ಣಿಯರ ಜಗಳ ಕೇಳಿ ತೀರಿಸಬೇಕಾಗಿತ್ತು. ದುಭಾಷಿಯ ಮೂಲಕ ಆಗುವ ಕೆಲಸವಲ್ಲ ಅದು.

ಆ ತಿರುಗಾಟದಲ್ಲಿ ಅವರ ಕಿವಿಗೆ ಒಂದು ವಿಚಿತ್ರ ಸಂಗತಿ ಬೀಳುತ್ತಿತ್ತು. ದಾರಿಬದಿಯಲ್ಲಿ ಹೆಣಗಳು ಸಿಗುತ್ತಿದ್ದವು. ಸತ್ತವರು ಯಾರು, ಕೊಂದವರು ಯಾರು ತಿಳಿಯುತ್ತಿರಲಿಲ್ಲ. ಇದರ ಬೆನ್ನು ಹತ್ತುವ ಮೊದಲೇ, 1829ರಲ್ಲಿ ಹೊಸ ನಿಜಾಮರು ಬಂದು ಇಂಥ ಮುಲಕಿ ಕೆಲಸಗಳಿಂದ ಇಂಗ್ಲಿಷರನ್ನು ತೆಗೆದರು. ಟೇಲರ್ ಮತ್ತೆ ದಂಡಿಗೆ ಮರಳಿದರು. ತನ್ನನ್ನು ಅಲ್ಲಿಯೇ ಬಿಟ್ಟಿದ್ದರೆ ಆ ಗುಟ್ಟನ್ನು ಮೊದಲು ಬಯಲಿಗೆ ತರುವವನು ತಾನೇ ಆಗುತ್ತಿದ್ದೆ ಎಂಬ ಕೊರಗು ಮುದುಕರಾದಾಗಲೂ ಅವರಿಗೆ ಇತ್ತು. ಆ ಹೆಸರು ಉತ್ತರದಲ್ಲಿ ವಿಲಿಯಂ ಸ್ಲೀಮನ್ ಎಂಬ ಅಧಿಕಾರಿಗೆ ಹೋಯಿತು.

ಗುಟ್ಟು ಯಾವುದೆಂದು ನಿಮಗೆ ಹೊಳೆದಿರಬೇಕು. ಪ್ರಯಾಣಿಕರ ಜೊತೆಗೆ ಸ್ನೇಹ ಬೆಳೆಸಿ, ನಾಲ್ಕು ದಿನ ಒಟ್ಟಿಗೆ ಉಂಡು ನಡೆದು, ಸಮಯ ನೋಡಿ ಕುತ್ತಿಗೆಗೆ ವಸ್ತ್ರ ಬಿಗಿದು ಕೊಂದು ದೋಚುವವರು: ಠಗ್ಗರು. ಸ್ಲೀಮನ್ನನ ಜನ ಒಬ್ಬನನ್ನು ಹಿಡಿದು, ಅವನಿಂದ ಹತ್ತು ಜನರ ಹೆಸರು ಹೇಳಿಸುತ್ತಿದ್ದರು. ಹಾಗೆ ಮಾಫಿ ಸಾಕ್ಷಿಗಳಾದವರು ಹೈದರಾಬಾದ್ ಕಡೆಯೂ ಸಿಕ್ಕಾಗ, ಅವರ ಹೇಳಿಕೆ ಬರೆದುಕೊಳ್ಳುವ ಕೆಲಸಕ್ಕೆ ಟೇಲರ್ ತಾವಾಗಿ ಮುಂದೆ ಬಂದರು. ದಿನಗಟ್ಟಲೆ ಕುಳಿತು ಕೊಲೆಯ ಮೇಲೆ ಕೊಲೆಯ ಕಥೆಯನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಂಡರು.

ಈಗ ಆ ಶಬ್ದವನ್ನು ನೋಡೋಣ. ಸಂಸ್ಕೃತದಲ್ಲಿ ‘ಸ್ಥಗ’ ಎಂದರೆ ಮುಚ್ಚಿಡುವವನು, ಕಪಟಿ. ಅದು ಪ್ರಾಕೃತದಲ್ಲಿ ಸವೆದು ಹಿಂದಿ ಮರಾಠಿಗಳಲ್ಲಿ ‘ಠಗ್’ ಆಯಿತು. ನಮ್ಮ ‘ಠಕ್ಕ’ ಅದೇ ಬಳ್ಳಿಯ ಕಾಯಿ. ಠಕ್ಕತನ ಎಂದರೆ ನಿಮ್ಮ ಮನೆಯ ಅಜ್ಜಿಗೂ ಗೊತ್ತು. ಇಂಗ್ಲಿಷರ ನಾಲಿಗೆಗೆ ನಮ್ಮ ಠಕಾರ ಒಗ್ಗಲಿಲ್ಲ, ‘ಥಗ್’ ಎಂದರು. ದಕ್ಷಿಣದಲ್ಲಿ ಇದೇ ಜನರಿಗೆ ಬೇರೊಂದು ಹೆಸರಿತ್ತು: ‘ಫಾಸಿಗಾರ್’. ಫಾಸಿ ಎಂದರೆ ಕುಣಿಕೆ. ಸಂಸ್ಕೃತದ ಪಾಶದಿಂದ ಬಂದದ್ದು. ಫಾಶಿ ಶಿಕ್ಷೆ ಎಂದು ನಾವು ಇಂದಿಗೂ ಹೇಳುತ್ತೇವಲ್ಲ, ಅದೇ. ‘ಗಾರ್’ ಎಂಬುದು ಪಾರ್ಸಿಯ ಬಾಲ, ಜಾದೂಗಾರನಲ್ಲಿ ಇರುವಂಥದ್ದು. ಈ ಎರಡು ಶಬ್ದಗಳೂ ಇಂಗ್ಲಿಷಿಗೆ ಹೋದವು. ‘ಫಾಸಿಗಾರ್’ ಇಂದು ದೊಡ್ಡ ನಿಘಂಟುಗಳ ಮೂಲೆಯಲ್ಲಿ ಧೂಳು ತಿನ್ನುವ ಅಪರೂಪದ ಶಬ್ದ. ‘ಥಗ್’ ಮಾತ್ರ ಲಂಡನ್, ನ್ಯೂಯಾರ್ಕಿನ ಬೀದಿ ಸೇರಿತು.

ಹೀಗೆ ಎರಡು ಸಮಾನ ಶಬ್ದಗಳಲ್ಲಿ ಒಂದು ಮೂಲೆ ಸೇರಿ ಇನ್ನೊಂದು ಮೆರೆಯಲು ಟೇಲರ್ ಮುಖ್ಯ ಕಾರಣರಾದರು. ‘ಥಗ್’ ಇಂಗ್ಲಿಷ್ ಬರಹದಲ್ಲಿ 1810ರ ಸುಮಾರಿಗೇ ಕಾಣಿಸಿಕೊಂಡಿತ್ತು. 1836ರಲ್ಲಿ ಸ್ಲೀಮನ್, ಠಗ್ಗರ ಗುಪ್ತ ಭಾಷೆಯಾದ ರಾಮಸೀಯ ಶಬ್ದಕೋಶವನ್ನೇ ಅಚ್ಚು ಹಾಕಿಸಿದ್ದ. ಆದರೆ ಅವೆಲ್ಲ ಅಧಿಕಾರಿಗಳು ಓದುವ ಬರಹಗಳು. ಕಾಯಿಲೆ ಬಿದ್ದು ರಜೆಯ ಮೇಲೆ ಊರಿಗೆ ಹೋಗಿದ್ದ ಟೇಲರ್ 1839ರಲ್ಲಿ ‘ಕನ್ಫೆಷನ್ಸ್ ಆಫ್ ಎ ಥಗ್’ ಎಂಬ ಕಾದಂಬರಿ ಪ್ರಕಟಿಸಿದರು. ಅಮೀರ್ ಅಲಿ ಎಂಬ ಠಗ್ಗನೊಬ್ಬ ತನ್ನ ಬದುಕನ್ನು ತಾನೇ ಹೇಳಿಕೊಳ್ಳುವ ಕಥೆ ಅದು. ಲಂಡನ್ನಿನಲ್ಲಿ ಜನ ಮುಗಿಬಿದ್ದು ಓದಿದರು. ಪಟ್ಟಕ್ಕೆ ಬಂದು ಹೆಚ್ಚು ದಿನವಾಗಿರದ ವಿಕ್ಟೋರಿಯಾ ರಾಣಿ, ಪುಸ್ತಕ ಹೊರಬರುವವರೆಗೆ ಕಾಯಲಾರದೆ, ಅಚ್ಚಿನ ಕರಡು ಹಾಳೆಗಳನ್ನೇ ತರಿಸಿ ಓದಿದಳಂತೆ. ಶಾಲೆ ಬಿಟ್ಟ ಹುಡುಗ 30 ದಾಟುವ ಹೊತ್ತಿಗೆ ಹೆಸರಾಂತ ಲೇಖಕನಾಗಿದ್ದ. ಅದಕ್ಕೆ ಬಂಡವಾಳ, ನಮ್ಮ ಜನರ ಮಾತನ್ನು ನಮ್ಮ ಜನರಿಂದಲೇ ಕೇಳಿ ಕಲಿತದ್ದು.

ಆದರೆ ಪಾಲಕರೇ, ಈ ಕಥೆಗೆ ಇನ್ನೊಂದು ಮಗ್ಗಲಿದೆ. ಅದನ್ನು ಮಕ್ಕಳಿಗೆ ಮುಚ್ಚಿಡಬಾರದು. ಕೊಲೆಗಳು ನಡೆದದ್ದು ನಿಜ. ಆದರೆ ಠಗ್ಗರೆಲ್ಲ ಒಂದೇ ದೇವಿಗೆ ಹರಕೆ ಹೊತ್ತ, ದೇಶವಿಡೀ ಹಬ್ಬಿದ ಒಂದೇ ಗುಪ್ತ ಪಂಥ ಎಂದು ಅಂದಿನ ಅಧಿಕಾರಿಗಳು ಕಟ್ಟಿದ ಚಿತ್ರದಲ್ಲಿ ಅತಿಶಯ ಬಹಳ ಇದೆ ಎಂದು ಈಚಿನ ಹಲವು ಇತಿಹಾಸಕಾರರು ತೋರಿಸಿದ್ದಾರೆ. 1836ರ ಕಾನೂನಿನ ಪ್ರಕಾರ ಒಬ್ಬನನ್ನು ಶಿಕ್ಷಿಸಲು ಅವನು ಮಾಡಿದ ಕೊಲೆಯನ್ನು ರುಜುವಾತು ಮಾಡಬೇಕಾಗಿರಲಿಲ್ಲ, ಠಗ್ಗರ ಗುಂಪಿಗೆ ಸೇರಿದವನೆಂದು ತೋರಿಸಿದರೆ ಸಾಕಾಗಿತ್ತು. ಅದೇ ಯೋಚನೆ ಬೆಳೆದು 1871ರಲ್ಲಿ ಇಡೀ ಜಾತಿಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಪಟ್ಟಿ ಮಾಡುವ ಕಾನೂನು ಬಂತು. ಅದು ಮುಂದೆ ಮುಂಬಯಿ ಪ್ರಾಂತಕ್ಕೂ ವಿಸ್ತರಿಸಿತು. ಸೊಲ್ಲಾಪುರದವರಿಗೆ ‘ಸೆಟ್ಲ್‌ಮೆಂಟ್’ ಎಂಬ ಹೆಸರಿನ ಭಾಗ ಗೊತ್ತು. ಆ ಹೆಸರು ಬಂದದ್ದು ಈ ಕಾನೂನಿನಡಿ ತಂತಿಬೇಲಿಯೊಳಗೆ ಕುಟುಂಬ ಕುಟುಂಬಗಳನ್ನೇ ಕೂಡಿಟ್ಟಿದ್ದರಿಂದ. ಸ್ವಾತಂತ್ರ್ಯ ಬಂದು 5 ವರ್ಷವಾದ ಮೇಲೆ, 1952ರಲ್ಲಿ, ಆ ಕಾನೂನು ರದ್ದಾಯಿತು. ಅವರ ಮಕ್ಕಳು ಮೊಮ್ಮಕ್ಕಳು ಇಂದು ನಿಮ್ಮ ಮಕ್ಕಳ ಪಕ್ಕದ ಬೆಂಚಿನಲ್ಲಿ ಕುಳಿತಿರಬಹುದು. ಶಬ್ದವೊಂದನ್ನು ಮನುಷ್ಯರ ಹಣೆಗೆ ಅಂಟಿಸಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಶಬ್ದದ ಮೂಲ ಕಲಿಸುವಾಗ ಇದನ್ನೂ ಕಲಿಸಬೇಕು.

ಟೇಲರ್ ಹಿಂದಿರುಗಿ ಬಂದ ಮೇಲೆ 1841ರಲ್ಲಿ ಅವರನ್ನು ಸುರಪುರ ಸಂಸ್ಥಾನಕ್ಕೆ ಕಳಿಸಿದರು. ಅಚ್ಚ ಕನ್ನಡದ ನಾಡು, ಬೇಡ ನಾಯಕರ ಗದ್ದುಗೆ. ಅರಸರು ತೀರಿಕೊಂಡಿದ್ದರು, ಮಗ ವೆಂಕಟಪ್ಪ ನಾಯಕ ಚಿಕ್ಕ ಹುಡುಗ, ರಾಣಿ ಈಶ್ವರಮ್ಮನಿಗೂ ದರ್ಬಾರಿನವರಿಗೂ ಹೊಂದಾಣಿಕೆಯಿರಲಿಲ್ಲ. ಬೇರೆ ಯುರೋಪಿಯನ್ನರ ನೆರವಿಲ್ಲದೆ, 1853ರವರೆಗೆ ಟೇಲರ್ ಅಲ್ಲಿಯ ಆಡಳಿತ ನಡೆಸಿದರು. ಸಾಲ ತೀರಿಸಿದರು, ರಸ್ತೆ ಮಾಡಿಸಿದರು, ಕೆರೆಗಳ ಕೆಲಸ ಹಿಡಿದರು. ಅವರಿದ್ದ ಟೇಲರ್ ಮಂಜಿಲ್ ಸುರಪುರದ ಗುಡ್ಡದ ಮೇಲೆ ಈಗಲೂ ನಿಂತಿದೆ. ಆ ವರ್ಷಗಳಲ್ಲೇ ಅವರು ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಗೆ ಇಲ್ಲಿಂದ ಸುದ್ದಿ ಬರೆದು ಕಳಿಸುತ್ತಿದ್ದರು.

ಸುರಪುರದಂಥ ನಾಯಕರನ್ನು ಇಂಗ್ಲಿಷರು ‘ಪಾಲಿಗಾರ್’ ಎಂದು ಬರೆದರು. ಇದೂ ಇಂದು ಇಂಗ್ಲಿಷಿನ ಅಪರೂಪದ ಶಬ್ದ. ತಮಿಳಿನಲ್ಲಿ ‘ಪಾಳೈಯಕ್ಕಾರರ್’, ಕನ್ನಡದಲ್ಲಿ ಪಾಳೆಯಗಾರ. ಪಾಳೆಯ ಎಂದರೆ ದಂಡು ಬೀಡುಬಿಟ್ಟ ಜಾಗ. ಇಂಗ್ಲೆಂಡಿನ ಹುಡುಗ ಈ ಶಬ್ದ ಕಂಡರೆ ನಿಘಂಟು ತೆಗೆಯಬೇಕು. ನಾಲ್ಕನೆಯ ತರಗತಿಯ ನಿಮ್ಮ ಮಗು ನಗುತ್ತಲೇ ಅರ್ಥ ಹೇಳುತ್ತದೆ.

ಸುರಪುರದಲ್ಲಿ ಟೇಲರ್ ಇನ್ನೊಂದು ದೊಡ್ಡ ಕೆಲಸ ಮಾಡಿದರು. ರಾಜನ ಕೋಳೂರು, ಜೇವರ್ಗಿ, ವಿಭೂತಿಹಳ್ಳಿಗಳ ಸುತ್ತ ಹೊಲಗಳಲ್ಲಿ ಬಿದ್ದಿದ್ದ ಪ್ರಾಚೀನ ಕಲ್ಲುಗೋರಿಗಳನ್ನು ಅಳೆದರು, ಕೆಲವನ್ನು ಅಗೆಸಿದರು, ಚಿತ್ರ ಬರೆದರು. ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಆ ಕಲ್ಮನೆಗಳನ್ನು ನಮ್ಮವರು ಮೋರಿಯರ ಮನೆ ಎನ್ನುತ್ತಾರೆ. ಹಿಂದೆ ಗಿಡ್ಡ ಜನ ಅಲ್ಲಿ ವಾಸವಾಗಿದ್ದರು ಎಂದು ಹಳ್ಳಿಗರ ನಂಬಿಕೆ. ಟೇಲರ್ ತಮ್ಮ ಇಂಗ್ಲಿಷ್ ಲೇಖನದಲ್ಲಿ ಇವಕ್ಕೆ ‘ಕ್ರೋಮ್‌ಲೆಕ್’, ‘ಕಿಸ್ಟ್‌ವೇನ್’, ‘ಕೇರ್ನ್’ ಎಂಬ ಹೆಸರುಗಳನ್ನು ಬಳಸಿದರು.

ಇವು ಎಂಥ ಶಬ್ದಗಳು ಗೊತ್ತೇ? ಇಂಗ್ಲಿಷ್ ಚೆನ್ನಾಗಿ ಬಲ್ಲವರನ್ನೂ ತಡವರಿಸುವಂಥವು. ಆದರೆ ಇವು ಮೂಲದಲ್ಲಿ ಇಂಗ್ಲಿಷ್ ಶಬ್ದಗಳೇ ಅಲ್ಲ. ಇಂಗ್ಲೆಂಡಿನ ಪಕ್ಕದ ವೇಲ್ಸ್ ಎಂಬ ಗುಡ್ಡಗಾಡಿನ ಸೀಮೆಯಲ್ಲಿ ವೆಲ್ಷ್ ಎಂಬ ಭಾಷೆಯಿದೆ. ಅದರಲ್ಲಿ ‘ಕ್ರೋಮ್’ ಎಂದರೆ ಬಾಗಿದ್ದು, ‘ಲೆಕ್’ ಎಂದರೆ ಚಪ್ಪಡಿ ಕಲ್ಲು. ‘ಕಿಸ್ಟ್‌ವೇನ್’ ಎಂದರೆ ಕಲ್ಲಿನ ಪೆಟ್ಟಿಗೆ. ‘ಕೇರ್ನ್’ ಸ್ಕಾಟ್ಲೆಂಡಿನ ಗುಡ್ಡದವರ ಗೇಲಿಕ್ ಭಾಷೆಯದು, ಕಲ್ಲಿನ ಕುಪ್ಪೆ ಎಂದರ್ಥ. ನಮ್ಮ ರೈತ ಮೋರಿಯರ ಮನೆ ಅಂದ ಹಾಗೆ, ಅಲ್ಲಿಯ ಕುರುಬ ತನ್ನ ಮಾತಿನಲ್ಲಿ ಅಂದದ್ದು. ಪಂಡಿತರ ಪುಸ್ತಕಕ್ಕೆ ಏರಿದ ಮೇಲೆ ಅದು ಕಠಿಣ ಶಬ್ದವಾಯಿತು. ಅದೇ 19ನೆಯ ಶತಮಾನದಲ್ಲಿ ವೇಲ್ಸಿನ ಹಲವು ಶಾಲೆಗಳಲ್ಲಿ, ವೆಲ್ಷ್ ಮಾತಾಡಿದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ತೂಗುಹಾಕಿ ಅವಮಾನ ಮಾಡುತ್ತಿದ್ದರು. ಆ ಭಾಷೆಯ ಶಬ್ದ ಪಂಡಿತರಿಗೆ ಬೇಕಿತ್ತು, ಆಡುವ ಮಗುವಿನ ನಾಲಿಗೆ ಮಾತ್ರ ಬೇಡವಾಗಿತ್ತು. ಗಡಿಯಲ್ಲಿ ಬಾಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1853ರಲ್ಲಿ ವೆಂಕಟಪ್ಪ ನಾಯಕರು ಪ್ರಾಪ್ತ ವಯಸ್ಸಿಗೆ ಬಂದು ಗದ್ದುಗೆ ಏರಿದರು. ಅದೇ ವರ್ಷ ಒಪ್ಪಂದವೊಂದರ ಪ್ರಕಾರ ನಿಜಾಮರು ವರ್‍ಹಾಡ, ರಾಯಚೂರು, ಧಾರಾಶಿವದ ಸೀಮೆಗಳನ್ನು ಕಂಪನಿಯ ಕೈಗೆ ಕೊಟ್ಟರು. ಟೇಲರ್ ನಳದುರ್ಗಕ್ಕೆ ಬಂದದ್ದು ಹೀಗೆ. ಜಮೀನು ಅಳೆದು, ರೈತರಿಗೂ ಸಹ್ಯವಾಗುವ ಹೊಸ ಕಂದಾಯ ಗೊತ್ತುಮಾಡುವುದು ಇಲ್ಲಿ ಅವರ ಮುಖ್ಯ ಕೆಲಸವಾಗಿತ್ತು. ಅವರು ಅಳೆಸಿದ್ದು ನೀವು ಜೋಳ ಬಿತ್ತುವ ಇದೇ ಎರೆ ಭೂಮಿಯನ್ನು. ಈ ಕರಿ ಮಣ್ಣಿಗೆ ಭೂಗರ್ಭ ಶಾಸ್ತ್ರದ ಇಂಗ್ಲಿಷ್ ಪುಸ್ತಕಗಳಲ್ಲಿ ‘ರೆಗುರ್’ ಎಂದು ಹೆಸರು. ಕೇಳಿದರೆ ಲ್ಯಾಟಿನ್ ಇರಬೇಕು ಅನ್ನಿಸುತ್ತದೆ. ಅಲ್ಲ, ಅದು ತೆಲುಗಿನ ‘ರೇಗಡಿ’. ಸೊಲ್ಲಾಪುರದ ಮಗ್ಗದವರ ಓಣಿಯ ತೆಲುಗು ಅಜ್ಜನನ್ನು ಕೇಳಿ, ಹೇಳಿಯಾರು.

ನಳದುರ್ಗದ ನೆರೆಯ ತುಳಜಾಪುರವನ್ನೂ ಅವರು ಮರೆಯಲಿಲ್ಲ. ನಿವೃತ್ತರಾದ ಮೇಲೆ 1863ರಲ್ಲಿ ಬರೆದ ‘ತಾರಾ’ ಎಂಬ ಕಾದಂಬರಿಯ ನಾಯಕಿ ತುಳಜಾಪುರದ ಶಾಸ್ತ್ರಿಯೊಬ್ಬರ ಮಗಳು. ಬಿಜಾಪುರದ ಆದಿಲ್‌ಶಾಹಿ ಮತ್ತು ಶಿವಾಜಿಯ ಕಾಲದ ಕಥೆ ಅದು.

1857ರಲ್ಲಿ ಉತ್ತರದಲ್ಲಿ ದಂಗೆಯೆದ್ದಾಗ ಟೇಲರರನ್ನು ವರ್‍ಹಾಡದ ಬುಲಢಾಣೆಗೆ ವರ್ಗ ಮಾಡಿದರು. ದಂಡಿನ ಬಲವಿಲ್ಲದೆ ಅಲ್ಲಿ ಅವರು ಶಾಂತಿ ಕಾಯ್ದರು. ಆದರೆ ಅವರ ಮನಸ್ಸು ಸುರಪುರದಲ್ಲಿತ್ತು. 1858ರ ಫೆಬ್ರವರಿಯಲ್ಲಿ ವೆಂಕಟಪ್ಪ ನಾಯಕರು ಇಂಗ್ಲಿಷರ ವಿರುದ್ಧ ಎದ್ದು ನಿಂತರು, ಸೋತರು, ಹೈದರಾಬಾದಿನಲ್ಲಿ ಸೆರೆಯಾದರು. ತಾವು ಎತ್ತಿ ಆಡಿಸಿದ, ಅಪ್ಪನೆಂದು ತಮ್ಮನ್ನು ಕರೆಯುತ್ತಿದ್ದ ಹುಡುಗನನ್ನು ಟೇಲರ್ ಸೆರೆಮನೆಯಲ್ಲಿ ಕಂಡರು. ಮರಣದಂಡನೆ ಇಳಿದು ಇಳಿದು 4 ವರ್ಷದ ಸೆರೆಯಾಯಿತು. ತಮಿಳುನಾಡಿನ ಚೆಂಗಲ್‌ಪಟ್ಟಿಗೆ ಒಯ್ಯುವ ದಾರಿಯಲ್ಲಿ ಆ ತರುಣ ಅರಸರು ಗುಂಡು ತಗುಲಿ ತೀರಿಕೊಂಡರು. ಅವರು ತಾವೇ ಹೊಡೆದುಕೊಂಡರೆಂದು ಟೇಲರ್ ಬರೆದಿದ್ದಾರೆ. ಇನ್ನೂ 25 ತುಂಬಿರಲಿಲ್ಲ. 1860ರಲ್ಲಿ ಸುರಪುರವನ್ನು ಇಂಗ್ಲಿಷರು ನಿಜಾಮರಿಗೆ ಒಪ್ಪಿಸಿಬಿಟ್ಟರು.

ಟೇಲರ್ ಒಳ್ಳೆಯವರೋ ಕೆಟ್ಟವರೋ ಎಂದು ಮಗು ಕೇಳಿದರೆ ಏನು ಹೇಳುತ್ತೀರಿ? ಜನರ ಮಾತು ಕಲಿತರು, ಜನರನ್ನು ಪ್ರೀತಿಸಿದರು, ಕೆರೆ ರಸ್ತೆ ಮಾಡಿಸಿದರು. ಆದರೆ ಅವರು ದುಡಿದದ್ದು ಆ ಅರಸರನ್ನು ಮುಗಿಸಿದ ಆಡಳಿತದ ಪರವಾಗಿ. ಎರಡನ್ನೂ ಹೇಳಿ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವ ಬುದ್ಧಿ ನಾಲ್ಕನೆಯ ತರಗತಿಯ ಮಗುವಿಗೂ ಇರುತ್ತದೆ.

1860ರಲ್ಲಿ ಆರೋಗ್ಯ ಕೆಟ್ಟು ಟೇಲರ್ ಇಂಗ್ಲೆಂಡಿಗೆ ಮರಳಿದರು. ಅಲ್ಲಿಂದ ಮೇಲೆ ಬರೆಯುವುದೇ ಉದ್ಯೋಗ. ವಿದ್ಯಾರ್ಥಿಗಳಿಗಾಗಿ ಭಾರತದ ಇತಿಹಾಸದ ಕೈಪಿಡಿಯನ್ನೂ 1870ರಲ್ಲಿ ಬರೆದರು. 1875ರಲ್ಲಿ ಕಣ್ಣು ಹೋದವು. ಕಾಣದ ಕಣ್ಣಿನಲ್ಲಿ ಮತ್ತೆ ಹೈದರಾಬಾದಿಗೆ ಬಂದರು. ನೋಡಲಾಗದಿದ್ದರೂ ಆ ಮಾತುಗಳನ್ನು ಕೇಳಬಹುದಾಗಿತ್ತಲ್ಲ! ಇಲ್ಲಿ ಜ್ವರ ಹಿಡಿಯಿತು. ಹಿಂದಿರುಗುವ ದಾರಿಯಲ್ಲಿ, 1876ರ ಮೇ 13ರಂದು, ಫ್ರಾನ್ಸಿನ ಕಡಲತೀರದ ಮೆಂಟನ್ ಎಂಬ ಊರಿನಲ್ಲಿ ತೀರಿಕೊಂಡರು. ಅವರ ಆತ್ಮಕಥೆಯನ್ನು ಮಗಳು ಸಂಪಾದಿಸಿ ಮರುವರ್ಷ ಪ್ರಕಟಿಸಿದಳು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಟೇಲರ್ ಪರರ ಭಾಷೆ ಕಲಿತದ್ದು ಸ್ವಂತ ಭಾಷೆಯನ್ನು ಬಿಟ್ಟಲ್ಲ. ತಮ್ಮ ಮಾತಿನಲ್ಲಿ ಗಟ್ಟಿಯಾಗಿ ನಿಂತು, ಇನ್ನೊಂದು ಮಾತಿಗೆ ಕಿವಿ ಕೊಟ್ಟರು. ನಿಮ್ಮ ಮಗುವೂ ಮಾಡಬೇಕಾದದ್ದು ಅಷ್ಟೇ. ಶಬ್ದದ ಮೂಲ ತಿಳಿದರೆ ಇಂಗ್ಲಿಷ್ ತಾನಾಗಿ ಬಂದುಬಿಡುತ್ತದೆ ಎಂದು ನಾನು ಹೇಳುತ್ತಿಲ್ಲ. ವ್ಯಾಕರಣ ಬೇಕು, ದಿನವೂ ಓದಬೇಕು, ತಪ್ಪಾದರೂ ಮಾತಾಡಬೇಕು. ಇಂಗ್ಲಿಷ್ ಚೆನ್ನಾಗಿ ಕಲಿಸಿರಿ ಎಂದು ಶಾಲೆಯನ್ನು ಕೇಳುವ ಹಕ್ಕು ನಿಮಗಿದೆ. ಕೇಳಲೇಬೇಕು. ಆದರೆ ಕಠಿಣ ಶಬ್ದಕ್ಕೆ ಹೆದರಿ ಮನೆಮಾತಿನ ಶಾಲೆ ಬಿಡಿಸಬೇಡಿರಿ. ಅಂಥ ಶಬ್ದ ಬಿಡಿಸುವ ಕೀಲಿಕೈಗಳಲ್ಲಿ ಕೆಲವು ನಿಮ್ಮ ಮನೆಯಲ್ಲೇ ಇವೆ.

ಆ ತಾಯಿ ತಂದ ಪುಸ್ತಕದಲ್ಲಿ ಗೆರೆ ಎಳೆದ ಶಬ್ದಗಳಲ್ಲಿ ಒಂದು ‘ಮಂಗೂಸ್’. ಹಾವಿನ ಜೊತೆ ಕಾದಾಡುವ ಪ್ರಾಣಿ ಯಾವುದು ಎಂದು ಹುಡುಗನನ್ನು ಕೇಳಿದೆ. ಮುಂಗುಸಿ ಎಂದ. ಅದನ್ನೇ ಇಂಗ್ಲಿಷರ ಹಾಗೆ ಹೇಳು ಎಂದೆ. ಒಂದು ಕ್ಷಣ ಸುಮ್ಮನಿದ್ದು ನಕ್ಕುಬಿಟ್ಟ. ಇಂಗ್ಲಿಷಿಗೆ ಅದು ಹೋದದ್ದು ಮರಾಠಿಯ ‘ಮುಂಗೂಸ’ದಿಂದ. ತೆಲುಗಿನಲ್ಲಿ ‘ಮುಂಗಿಸ’, ನಮ್ಮಲ್ಲಿ ಮುಂಗುಸಿ. ಸೊಲ್ಲಾಪುರದ ಒಂದೇ ಓಣಿಯಲ್ಲಿ ಮೂರು ಮನೆಯ ಮಕ್ಕಳೂ ಈ ಶಬ್ದ ನಮ್ಮದು ಎನ್ನಬಹುದು.

ಒಂದು ಸಣ್ಣ ಕೆಲಸ ಹೇಳುತ್ತೇನೆ. ಮನೆಯಲ್ಲಿ ಹಳೆಯ ನೋಟ್‌ಬುಕ್ಕು ಇದ್ದರೆ ಸಾಕು. ಪ್ರತಿ ಭಾನುವಾರ ಮಗುವಿನೊಂದಿಗೆ ಕುಳಿತು ಒಂದೇ ಒಂದು ಶಬ್ದ ಬರೆಯಿರಿ. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಅದರ ಮನೆ. ‘ಕೊಪ್ರಾ’ ಎಂದರೆ ನಮ್ಮ ಕೊಬ್ಬರಿ. ‘ಟೀಕ್’ ಎಂದರೆ ತೇಗ. ‘ಅರೆಕಾ’ ಎಂದರೆ ಅಡಿಕೆ. ‘ಲೂಟ್’ ಎಂದರೆ ಲೂಟಿ. ದರ್ಜಿಯವರು ಬಲ್ಲ ‘ಡಂಗರಿ’ ಬಟ್ಟೆಯ ಹೆಸರು ಬಂದದ್ದು ಮುಂಬಯಿಯ ಡೋಂಗರಿಯಿಂದ. ಇನ್ನು ದೊಡ್ಡ ಹೋಟೆಲಿನ ಪಟ್ಟಿಯಲ್ಲಿ ಕಾಣುವ ‘ಮುಲಿಗಟಾನಿ’ ಎಂಬ ಸಾರು ತಮಿಳಿನ ‘ಮಿಳಗು ತಣ್ಣೀರ್’. ಮಿಳಗು ಎಂದರೆ ಮೆಣಸು. ತಣ್ಣೀರು ಏನೆಂದು ನಾನು ಹೇಳುವುದಿಲ್ಲ, ನಿಮ್ಮ ಮಗು ಹೇಳಲಿ.

ಅಂದ ಹಾಗೆ, ಆ ತಾಯಿ ಜೂನಿನಲ್ಲಿ ಶಾಲೆ ಬದಲಿಸಲಿಲ್ಲ. ಅದು ನನ್ನ ಮಾತಿನಿಂದ ಎಂದು ಹೇಳಿಕೊಳ್ಳಲಾರೆ. ಹುಡುಗನೇ ಹಟ ಹಿಡಿದನಂತೆ. ಈಗ ಅವನ ಪುಸ್ತಕದಲ್ಲಿ ಗೆರೆಗಳು ಹಾಗೇ ಇವೆ, ಪಕ್ಕದಲ್ಲಿ ಕನ್ನಡ ಅಕ್ಷರದಲ್ಲಿ ಏನೇನೋ ಬರೆದಿರುತ್ತಾನೆ. ಕೆಲವು ತಪ್ಪಾಗಿರುತ್ತವೆ. ನಾನು ತಿದ್ದಿಕೊಡುತ್ತೇನೆ.